ಪರರ ಮಾತನ್ನು ಪೂರೈಸುವುದು ಧರ್ಮವೇ?

ಪಾರ್ಶ್ವವಾಯುವಿನಿಂದ ಮಾತು ಕುಂದಿದ ಹಿರಿಯರಿರುವ ಮನೆಗಳಲ್ಲಿ ದಿನವೂ ಏಳುವ ಪ್ರಶ್ನೆಯೊಂದುಂಟು. ತಂದೆಯವರು ಏನನ್ನೋ ಹೇಳತೊಡಗುವರು, ನಾಲಗೆ ತಡವರಿಸುವುದು, ‘ಕ’ ಎಂಬ ಅಕ್ಷರ ಹೊರಬಿದ್ದೊಡನೆಯೇ ಮಗನು ‘ಕಾಫಿಯೇ? ಕನ್ನಡಕವೇ?’ ಎಂದು ಉಳಿದುದನ್ನು ತಾನೇ ನುಡಿದುಬಿಡುವನು. ಇದು ಪ್ರೀತಿಯ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪ್ರೀತಿಯಿಂದ ಮಾಡಿದುದೆಲ್ಲವೂ ಧರ್ಮವಾಗುವುದೇ ಎಂಬುದು ವಿಚಾರಣೀಯವಾಗಿದೆ.

ಮೊದಲು ವಸ್ತುಸ್ಥಿತಿಯನ್ನು ತಿಳಿಯೋಣ. ನಮ್ಮ ಪ್ರಾಚೀನರು ವಾಕ್ಕಿಗೆ ಪರಾ, ಪಶ್ಯಂತೀ, ಮಧ್ಯಮಾ, ವೈಖರೀ ಎಂಬ ನಾಲ್ಕು ಅವಸ್ಥೆಗಳನ್ನು ಹೇಳಿರುವರು. ಅವುಗಳಲ್ಲಿ ಕಿವಿಗೆ ಕೇಳುವುದು ವೈಖರಿಯೊಂದೇ. ವೈಖರಿಯು ಕೆಟ್ಟ ಮಾತ್ರಕ್ಕೆ ಒಳಗಿನ ವಾಕ್ಕೂ ಅಳಿಯಿತೆಂದು ಭಾವಿಸಲಾಗದು. 1861ರಲ್ಲಿ ಪ್ಯಾರಿಸ್ ನಗರದ ವೈದ್ಯನಾದ ಪಾಲ್ ಬ್ರೋಕಾ ಎಂಬವನು ಒಬ್ಬ ರೋಗಿಯ ಮೆದುಳನ್ನು ಮರಣಾನಂತರ ಪರೀಕ್ಷಿಸಿದನು. ಆ ರೋಗಿಯು ಏನು ಕೇಳಿದರೂ ಬಹುತರ ‘ತಾನ್’ ಎಂಬ ಒಂದೇ ಶಬ್ದವನ್ನು ಉಚ್ಚರಿಸುತ್ತಿದ್ದನು. ಆದರೆ ಇತರರು ಆಡಿದುದನ್ನು ಬಹುಮಟ್ಟಿಗೆ ಗ್ರಹಿಸುತ್ತಿದ್ದನು. ಎಡಮೆದುಳಿನ ಮುಂಭಾಗದಲ್ಲಿ ಕ್ಷತವು ಕಂಡುಬಂದಿತು. ತರುವಾಯದ ವೈದ್ಯಶಾಸ್ತ್ರವು ಇಂಥ ದೋಷಗಳನ್ನು ವಿಂಗಡಿಸಿದೆ. ಕೆಲವರಿಗೆ ಪದವೇ ತೋಚದು. ಕೆಲವರಿಗೆ ಪದವು ತೋಚಿದರೂ ತುಟಿನಾಲಗೆಗಳಲ್ಲಿ ಬಲವಿರದು. ಕೆಲವರಿಗೆ ಬಲವಿದ್ದರೂ ಚಲನೆಯ ಕ್ರಮ ತಪ್ಪುವುದು. ಗ್ರಹಣಶಕ್ತಿಯೇ ಕುಂದಿದವರೂ ಉಂಟು. ಆದುದರಿಂದ ದೋಷವು ಯಾವುದೆಂದು ತಜ್ಞರಿಂದ ತಿಳಿಯುವುದೇ ಮೊದಲ ಕರ್ತವ್ಯ. ಇದಕ್ಕಾಗಿಯೇ ಮೈಸೂರಿನಲ್ಲಿ 1965ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಸ್ಥಾಪಿತವಾಯಿತು.

ಇಲ್ಲಿ ಪೂರ್ವಪಕ್ಷವೊಂದುಂಟು: ಬಿದ್ದವನಿಗೆ ಕೈಗೊಡುವಂತೆ ತಡವರಿಸುವವರಿಗೆ ಪದಗೊಡುವುದು ದಯೆಯಲ್ಲವೇ? ಸುಮ್ಮನೆ ನೋಡುತ್ತ ಕುಳಿತಿರುವುದು ನಿರ್ದಯೆಯಲ್ಲವೇ? ಸಮಾಧಾನವೇನೆಂದರೆ, ಕೈಹಿಡಿದು ಎಬ್ಬಿಸಿದವನು ಬಿದ್ದವನನ್ನು ಅವನ ದಾರಿಗೆ ಬಿಡುವನು. ಮಾತನ್ನು ಪೂರೈಸುವವನಾದರೋ ತಾನು ಊಹಿಸಿದ ದಾರಿಗೆ ಎಳೆದೊಯ್ಯುವನು. ತಂದೆಯವರು ಹೇಳಬೇಕೆಂದಿದ್ದುದು ಕಂದಾಯದ ವಿಷಯವಾಗಿರಬಹುದು. ಎರಡು ಬಾರಿ ಯತ್ನಿಸಿ, ಬೇಸತ್ತು, ಬೇಡದ ಕಾಫಿಗೆ ತಲೆಯಾಡಿಸಿ ಸುಮ್ಮನಾಗುವರು. ಕ್ರಮೇಣ ಬಂದ ನೆಂಟರೂ ಅವರನ್ನು ಬಿಟ್ಟು ಅವರೆದುರಿಗೇ ಮಗನನ್ನು ಕೇಳತೊಡಗುವರು. ಮನೆಯ ಯಜಮಾನನು ಮನೆಯ ವಿಚಾರದಿಂದಲೇ ಹೊರಗಾಗುವನು. ರೋಗವು ಕಸಿದುದು ನಾಲಗೆಯನ್ನು. ಇದನ್ನು ಕಸಿದವರು ನಾವು.

ಪಾಣಿನೀಯ ಶಿಕ್ಷೆಯಲ್ಲಿ ವರ್ಣೋಚ್ಚಾರಣೆಗೆ ಹೆಣ್ಣುಹುಲಿಯ ದೃಷ್ಟಾಂತವಿದೆ. ಮರಿಯನ್ನು ಹಲ್ಲಿನಿಂದ ಹಿಡಿದೊಯ್ಯುವಾಗ ಅದು ಜಾರಲೂ ಬಾರದು, ಹಲ್ಲು ನಾಟಲೂ ಬಾರದು. ಆಡುವವನಿಗೆ ಹೇಳಿದ ಈ ನಿಯಮವು ಕೇಳುವವನಿಗೂ ಸಲ್ಲತಕ್ಕದ್ದು. ಗಮನಿಸದೆ ಎದ್ದುಹೋಗುವುದು ಜಾರಿಸಿದಂತೆ. ನಡುವೆ ಬಾಯಿಹಾಕುವುದು ಹಲ್ಲು ನಾಟಿಸಿದಂತೆ. ಎದುರಿಗೆ ಕುಳಿತು, ರೇಡಿಯೋ ಮೊದಲಾದವುಗಳ ಸದ್ದಡಗಿಸಿ, ಸಣ್ಣ ವಾಕ್ಯಗಳಲ್ಲಿ ಒಂದೊಂದೇ ಪ್ರಶ್ನೆಯನ್ನು ಕೇಳಿ ಕಾಯಬೇಕು. ಕೈಸನ್ನೆ, ಚಿತ್ರ, ಸ್ಲೇಟು ಇವುಗಳಿಂದ ತಿಳಿಸಿದುದನ್ನೂ ಮಾತೆಂದೇ ಮನ್ನಿಸಬೇಕು.

ಆಪತ್ತಿನಲ್ಲಿ ಮಾತ್ರ ಕಾಯತಕ್ಕದ್ದಲ್ಲ. ನುಂಗುವುದಕ್ಕೂ ತುಟಿ, ನಾಲಗೆ, ಗಂಟಲುಗಳೇ ಸಾಧನವಾದುದರಿಂದ ಇಂಥವರಲ್ಲಿ ಕೆಲವರಿಗೆ ನೀರು ಸಹ ಶ್ವಾಸನಾಳಕ್ಕೆ ಇಳಿಯಬಹುದು. ಉಣ್ಣುವಾಗ ಕೆಮ್ಮು ಬರುತ್ತಿದ್ದರೆ ಒಡನೆಯೇ ನಿಲ್ಲಿಸಿ ವೈದ್ಯರನ್ನು ಕೇಳಬೇಕು.

ಹಾಗಾದರೆ ಪರರ ಮಾತನ್ನು ಎಂದಿಗೂ ಪೂರೈಸಬಾರದೇ? ಅವರೇ ಕಣ್ಣಿನಿಂದಲೋ ಕೈಯಿಂದಲೋ ಬೇಡಿದಾಗ ಪೂರೈಸಬಹುದು. ಬಳಿಕ ‘ಇದೇ ಅಲ್ಲವೇ, ಅಪ್ಪಾ?’ ಎಂದು ಕೇಳಿ, ಅಲ್ಲವೆಂದರೆ ನಮ್ಮ ಪದವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ನಮಗೆ ಮಾತು ಕಲಿಸುವಾಗ ನಮ್ಮ ತೊದಲನ್ನು ಎಷ್ಟೋ ದಿನ ಕಾದು ಕೇಳಿದವರು ಅವರೇ ಅಲ್ಲವೇ?