ಆಫ್ರಿಕಾದ ಪಾಠ, ಕೋಲಾರದ ಋಣ

ಆಫ್ರಿಕಾ ಏಷ್ಯಾದ ನಂತರದ ಅತಿ ದೊಡ್ಡ ಖಂಡ. ವಿಸ್ತೀರ್ಣ ಸುಮಾರು 3 ಕೋಟಿ ಚದರ ಕಿಲೋಮೀಟರ್, ದೇಶಗಳು 54. ಉತ್ತರದಲ್ಲಿ ಸಹಾರಾ, ಪೂರ್ವದಲ್ಲಿ 5,895 ಮೀಟರ್ ಎತ್ತರದ ಕಿಲಿಮಂಜಾರೊ, ನಡುವೆ ಸಮಭಾಜಕ ವೃತ್ತ. ಇಷ್ಟು ಒಪ್ಪಿಸಿದರೆ ಪರೀಕ್ಷೆಯಲ್ಲಿ ಅಂಕಕ್ಕೆ ಮೋಸವಿಲ್ಲ. ಮೊದಲು ಬೆಟ್ಟ, ನದಿ, ಹವೆ; ಆಮೇಲೆ ಬೆಳೆ, ಗಣಿ, ಜನ. ಪ್ರಾಕೃತಿಕ ಭೂಗೋಳ ಒಂದು ಅಧ್ಯಾಯ, ಮಾನವ ಭೂಗೋಳ ಇನ್ನೊಂದು. ಎರಡನ್ನೂ ಓದಿ ಮುಗಿಸಿದ ಕೋಲಾರ ಸೀಮೆಯ ಮಗು ರಾತ್ರಿ ಮುದ್ದೆ ಮುರಿಯುತ್ತದೆ. ತಟ್ಟೆಯಲ್ಲಿರುವ ರಾಗಿಯ ತವರು ತಾನು ಬೆಳಗ್ಗೆ ಬಾಯಿಪಾಠ ಮಾಡಿದ ಖಂಡವೇ ಎಂಬುದನ್ನು ಅದಕ್ಕೆ ಹೇಳಿದವರು ಕಡಿಮೆ.

ಇಥಿಯೋಪಿಯಾದಿಂದ ಉಗಾಂಡದವರೆಗಿನ ಎತ್ತರದ ಸೀಮೆಯಲ್ಲಿ ಕಾಡುಹುಲ್ಲಾಗಿದ್ದ ರಾಗಿಯನ್ನು ಅಲ್ಲಿನ ಬೇಸಾಯಗಾರರು ಆರಿಸಿ, ಪಳಗಿಸಿ ಧಾನ್ಯ ಮಾಡಿದರು. ಸಾವಿರಾರು ವರ್ಷಗಳ ಹಿಂದೆ ಅದು ಕಡಲು ದಾಟಿ ಇಲ್ಲಿಗೆ ಬಂತು. ರಾಗಿ ಒಂದೇ ಬರಲಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಖುಷ್ಕಿ ಹೊಲಗಳಲ್ಲಿ ಹಿಂದಿನವರು ರಾಗಿಯ ನಡುವೆ ಅಕ್ಕಡಿ ಸಾಲು ಹಾಕುತ್ತಿದ್ದರು, ಈಗಲೂ ಕೆಲವರು ಹಾಕುತ್ತಾರೆ. ಆ ಸಾಲಿನ ಹುಚ್ಚೆಳ್ಳು ಇಥಿಯೋಪಿಯಾದ್ದು, ಜೋಳವೂ ಆಫ್ರಿಕಾದ್ದು. ಮುದ್ದೆಯ ಸಾರಿಗೆ ಹುಳಿ ಕೊಡುವ ಹುಣಸೆಯ ಮೂಲವೂ ಅಲ್ಲಿಯದೇ. ತೊಗರಿ, ಹುರುಳಿ ನಮ್ಮವು. ಒಂದೇ ಹೊಲದಲ್ಲಿ ಎರಡು ಖಂಡಗಳು ಜೊತೆಯಾಗಿ ಬೆಳೆದಿವೆ.

ಬಂದದ್ದೆಲ್ಲ ಬೇರೂರುವುದಿಲ್ಲ. ರಾಗಿ ಇಲ್ಲಿ ಬೇರೂರಿದ್ದಕ್ಕೆ ಈ ನೆಲದಲ್ಲೇ ಕಾರಣವಿದೆ. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದ ಬಯಲು, ಕೆಂಪು ಮಣ್ಣು, ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ, ಅದೂ ಹೇಳಿದ ಹೊತ್ತಿಗೆ ಬರುವ ಮಳೆಯಲ್ಲ. ಪೂರ್ವ ಆಫ್ರಿಕಾದ ಎತ್ತರದ ಸೀಮೆಯಲ್ಲಿ ಹುಟ್ಟಿದ ರಾಗಿಗೆ ಇಂಥ ಕಷ್ಟ ಹೊಸದಲ್ಲ. ಕೊಯ್ದು ನೆಲದೊಳಗಿನ ಹಗೇವಿನಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಬರ ಬಂದ ವರ್ಷ ಊರನ್ನು ಕಾಯುತ್ತಿದ್ದದ್ದು ಆ ಹಗೇವು. ಇದರಲ್ಲಿ ಬೆಟ್ಟ–ಮಳೆಯ ಅಧ್ಯಾಯ ಎಲ್ಲಿ ಮುಗಿಯುತ್ತದೆ, ಮನುಷ್ಯರ ಅಧ್ಯಾಯ ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯಲು ಸಾಧ್ಯವೇ?

ಈ ನಂಟು ಹಳೆಯ ಕಾಲಕ್ಕೇ ನಿಂತಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಕೆಲಸ ಮಾಡಿದ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. 1970ರ ದಶಕದಲ್ಲಿ ಅವು ರಾಗಿ ಸೀಮೆಯ ಇಳುವರಿಯನ್ನೇ ಬದಲಿಸಿದವು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಆಮೇಲೆ ಬಂದು ಹೊಲ ತುಂಬಿದ ಜಿಪಿಯು–28 ತಳಿಯ ವಂಶದಲ್ಲೂ ಇಂಡಾಫ್ ಇದೆ. ಇವತ್ತು ನಾವು ಉಣ್ಣುವ ರಾಗಿಯಲ್ಲಿ ಆಫ್ರಿಕಾದ ಪಾಲು ಎರಡು ಸಲ ಸೇರಿದೆ. ಮೊದಲನೆಯದನ್ನು ತಂದವರ ಹೆಸರು ಯಾರಿಗೂ ತಿಳಿಯದು. ಎರಡನೆಯದನ್ನು ತಂದವರ ಹೆಸರು ತಿಳಿದಿದ್ದೂ ನಮ್ಮಲ್ಲಿ ಎಷ್ಟು ಜನ ನೆನೆಯುತ್ತೇವೆ?

ನೆಲದ ಕೆಳಗಿನ ಕಥೆ ಇನ್ನೂ ಹಳೆಯದು. ಕೋಲಾರದ ಚಿನ್ನ ಅಡಗಿದ್ದ ಶಿಲೆಗಳಿಗೆ ಸುಮಾರು 270 ಕೋಟಿ ವರ್ಷ. ಗಣಿ ಪ್ರದೇಶದಲ್ಲಿ ದಿಂಬಿನಾಕಾರದ ಲಾವಾ ಶಿಲೆಗಳಿವೆ. ಲಾವಾ ಆ ಆಕಾರ ತಳೆಯುವುದು ನೀರಿನ ಅಡಿಯಲ್ಲಿ. ಹನಿ ನೀರಿಗೆ ಬಾಯಿಬಿಡುವ ಈ ಸೀಮೆ ಒಂದು ಕಾಲಕ್ಕೆ ಸಮುದ್ರದ ತಳವಾಗಿತ್ತು. ಇಂಥದೇ ಹಸಿರು ಶಿಲಾಪಟ್ಟಿಗಳು, ಇಂಥದೇ ಚಿನ್ನ ದಕ್ಷಿಣ ಆಫ್ರಿಕಾ, ಜಿಂಬಾಬ್ವೆ, ಪಶ್ಚಿಮ ಆಸ್ಟ್ರೇಲಿಯಾಗಳಲ್ಲೂ ಇವೆ. ಇವೆಲ್ಲ ಗೊಂಡ್ವಾನ ಎಂಬ ಮಹಾಖಂಡದಲ್ಲಿ ಒಟ್ಟಿಗಿದ್ದ ನೆಲಗಳು. ಸುಮಾರು 16 ಕೋಟಿ ವರ್ಷಗಳ ಹಿಂದೆ ಆಫ್ರಿಕಾ ಬೇರೆಯಾಗತೊಡಗಿತು. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಕೈಬಿಟ್ಟಿತು. ಸುಮಾರು 5 ಕೋಟಿ ವರ್ಷಗಳ ಹಿಂದೆ ನಮ್ಮ ನೆಲ ಏಷ್ಯಾಕ್ಕೆ ಹೋಗಿ ಗುದ್ದಿತು, ಹಿಮಾಲಯ ಎದ್ದಿತು. ಅಂತರಗಂಗೆ ಬೆಟ್ಟದ ಬಂಡೆಯ ಮೇಲೆ ಕೂತವರು ಹಿಮಾಲಯಕ್ಕಿಂತ ಎಷ್ಟೋ ಹಳೆಯದಾದ ಕಲ್ಲಿನ ಮೇಲೆ ಕೂತಿರುತ್ತಾರೆ. ‘ನಾವು ಏಷ್ಯಾದವರು’ ಎಂಬ ಮಾತು ನೆಲದ ಲೆಕ್ಕದಲ್ಲಿ ನಿನ್ನೆ ಮೊನ್ನೆಯದು.

ಆ ಚಿನ್ನವನ್ನು ಬಗೆದ ಬಗೆಯೂ ಎರಡು ಖಂಡಗಳಲ್ಲಿ ಒಂದೇ. ಕೋಲಾರದ ಗಣಿಗೆ ಲಂಡನ್ನಿನ ಜಾನ್ ಟೇಲರ್ ಕಂಪನಿ ಕಾಲಿಟ್ಟದ್ದು 1880ರಲ್ಲಿ. ಜೊಹಾನ್ಸ್‌ಬರ್ಗ್ ಬಳಿ ಚಿನ್ನ ಸಿಕ್ಕಿದ್ದು 1886ರಲ್ಲಿ. ಅಲ್ಲಿ ಮೊಜಾಂಬಿಕ್, ಲೆಸೊಥೊ ಕಡೆಯ ಬಡವರು ಸುರಂಗಕ್ಕಿಳಿದರು. ಇಲ್ಲಿ ತಮಿಳು, ತೆಲುಗು ಸೀಮೆಯ ಬಡವರು ಲೈನ್ ಮನೆಗಳಲ್ಲಿ ಬದುಕಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದರು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಬಂದದ್ದು ಈ ಗಣಿಗೆ. ಸುತ್ತಲಿನ ಹಳ್ಳಿಗಳು ಎಷ್ಟೋ ಕಾಲ ಕತ್ತಲಲ್ಲೇ ಉಳಿದವು. 120 ವರ್ಷಗಳಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಹೋಯಿತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು, ಸೈನೈಡ್ ದಿಬ್ಬಗಳು ಉಳಿದವು. ಆಫ್ರಿಕಾ ಸಂಪತ್ತಿದ್ದೂ ಬಡವಾದದ್ದು ಹೇಗೆ ಎಂದು ಕೇಳುವ ವಿದ್ಯಾರ್ಥಿಗೆ ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ, ಗಣಿ ಪ್ರದೇಶದ ಮಾರಿಕುಪ್ಪಂನಿಂದ ಬೆಳಗಿನ ಜಾವ ಬೆಂಗಳೂರಿಗೆ ಕೂಲಿಗೆ ಹೊರಡುವವರ ರೈಲು ಹತ್ತಿದರೆ ಸಾಕು.

ಹೀಗೆ ನೆಲದಿಂದಲೂ ಅನ್ನದಿಂದಲೂ ದುಡಿಮೆಯಿಂದಲೂ ನಂಟಿರುವ ಖಂಡವನ್ನು ನಾವು ಯಾವ ಕಣ್ಣಿನಿಂದ ನೋಡಿದೆವು? ‘ಕಗ್ಗತ್ತಲ ಖಂಡ’ ಎಂಬ ಮಾತನ್ನು ಯುರೋಪಿನವರಿಂದ ಎರವಲು ತಂದು, ತಲೆಮಾರುಗಳ ಮಕ್ಕಳಿಗೆ ಕಲಿಸಿದೆವು. ಹೊರಗಿನಿಂದ ಬಂದವರನ್ನು ಒಳಗೆ ಕರೆದುಕೊಂಡ ಸೀಮೆ ಇದು. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳ ಮಾತು ತೆಲುಗು, ಕೋಲಾರದ ಬೀದಿಗಳಲ್ಲಿ ಉರ್ದು, ತಮಿಳೂ ಉಂಟು. ಮನೆಮಾತು ತಮಿಳಾಗಿದ್ದ ಮಾಲೂರು ತಾಲ್ಲೂಕಿನ ಮಾಸ್ತಿ ಕನ್ನಡಕ್ಕೆ ಜ್ಞಾನಪೀಠ ತಂದರು. ಈ ಔದಾರ್ಯ ಬಣ್ಣ ಬದಲಾದಾಗ ಎಲ್ಲಿ ಹೋಗುತ್ತದೆ? 2016ರಲ್ಲಿ ಬೆಂಗಳೂರಿನಲ್ಲಿ ಬೇರೆ ಯಾರೋ ಮಾಡಿದ ಅಪಘಾತದ ಸಿಟ್ಟಿಗೆ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಹಲ್ಲೆ ಮಾಡಿತು. ಅವಳ ದೇಶದಲ್ಲೂ ರಾಗಿ ಬೆಳೆಯುತ್ತಾರೆ. ಪಕ್ಕದ ಉಗಾಂಡದ ಪಶ್ಚಿಮದಲ್ಲಿ ರಾಗಿಹಿಟ್ಟನ್ನು ಕುದಿನೀರಿನಲ್ಲಿ ತೊಳಸಿ ‘ಕಾಲೋ’ ಮಾಡಿ, ಕೈಯಲ್ಲಿ ಮುರಿದು ಸಾರಿನಲ್ಲಿ ಅದ್ದಿ ಉಣ್ಣುತ್ತಾರೆ. ಆ ಗುಂಪಿನಲ್ಲಿ ಯಾರಿಗಾದರೂ ಇದು ಗೊತ್ತಿದ್ದರೆ ಕೈ ತಡೆಯುತ್ತಿತ್ತು ಎಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಭೂಗೋಳ ಓದಿದ ಸಮಾಜಕ್ಕೆ ಇಷ್ಟೂ ಗೊತ್ತಿಲ್ಲದಿದ್ದರೆ ಆ ಓದು ವ್ಯರ್ಥ.

ದೂರದಿಂದ ಬಂದದ್ದೆಲ್ಲ ಒಳ್ಳೆಯದೇ ಎಂದು ನಾನು ವಾದಿಸುತ್ತಿಲ್ಲ. ಆಸ್ಟ್ರೇಲಿಯಾದ ನೀಲಗಿರಿಯೂ ದೂರದಿಂದಲೇ ಬಂತು. ಮಾಲೂರು ಕಡೆಯ ಎಷ್ಟೋ ರಾಗಿ ಹೊಲ ನೀಲಗಿರಿ ತೋಪಾಯಿತು. ಬೇಗ ಬೆಳೆಯುತ್ತದೆ, ಆಳು ಬೇಡ, ಕಾರ್ಖಾನೆ ಕೊಳ್ಳುತ್ತದೆ ಎಂಬ ಲೆಕ್ಕದಲ್ಲಿ ನೆಲದ ತೇವ ಯಾರ ಗಣನೆಗೂ ಬರಲಿಲ್ಲ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ಇದು. ಬಿದ್ದ ಮಳೆ ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಕಣಿವೆಗಳಿಗೆ ಹಂಚಿಹೋಗುತ್ತದೆ. ಹಿರಿಯರು ಅದನ್ನು ಒಂದರ ಕೋಡಿ ಇನ್ನೊಂದಕ್ಕೆ ಬೀಳುವ ಸರಣಿ ಕೆರೆಗಳಲ್ಲಿ ತಡೆದರು, ತೂಬು ಎತ್ತಿ ಇಳಿಸಲು ನೀರಗಂಟಿಯನ್ನು ಇಟ್ಟರು, ಅವನಿಗೆ ಬೆಳೆಯಲ್ಲಿ ಪಾಲು ಕೊಟ್ಟರು. ಆಮೇಲೆ ಬೋರ್‌ವೆಲ್ ಬಂತು, 1,000 ಅಡಿ ದಾಟಿತು, ನೀರಗಂಟಿ ಮರೆಯಾದ. ಕೊನೆಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧಿಯಾಗಿ ಇಲ್ಲಿನ ಕೆರೆಗಳಿಗೆ ಹರಿಯಿತು. ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಕೂಗು ಇನ್ನೂ ನಿಂತಿಲ್ಲ. ರಾಗಿ ಈ ನೆಲದ ಗುಣ ಅರಿತು ಬದುಕಿತು, ನೀಲಗಿರಿಯನ್ನು ಹಾಕಿದ ನಾವು ಆ ಗುಣವನ್ನೇ ಮರೆತೆವು. ತಪ್ಪು ಮರದ್ದಲ್ಲ, ಭೂಗೋಳವನ್ನು ಪರೀಕ್ಷೆಗಷ್ಟೇ ಓದಿದವರದು.

ನಮ್ಮ ಪರಂಪರೆಯಲ್ಲಿ ದೇವಋಣ, ಪಿತೃಋಣ, ಋಷಿಋಣ ಎಂದು ಎಣಿಸುತ್ತಾರೆ. ನೆಲದ ಋಣ, ಅನ್ನದ ಋಣವನ್ನೂ ಅದೇ ಸಾಲಿನಲ್ಲಿ ಇಡಬೇಕು. ಋಣ ತಿಳಿಯದವನ ಜ್ಞಾನ ಬೇಗ ತಾತ್ಸಾರವಾಗಿ ತಿರುಗುತ್ತದೆ. ಖಂಡವೊಂದನ್ನು ಓದುವಾಗ ಅದರಿಂದ ನಾವು ಪಡೆದದ್ದೇನು, ಅದಕ್ಕೆ ಕೊಟ್ಟದ್ದೇನು ಎಂಬ ಎರಡು ಲೆಕ್ಕ ಬರೆಯುವುದನ್ನು ಮಕ್ಕಳಿಗೆ ಕಲಿಸಬೇಕು. ಆಫ್ರಿಕಾದ ಮಟ್ಟಿಗೆ ಮೊದಲ ಪಟ್ಟಿ ಉದ್ದವಿದೆ, ಎರಡನೆಯದು ಹೆಚ್ಚುಕಡಿಮೆ ಖಾಲಿ. ಮೇಷ್ಟ್ರುಗಳಲ್ಲಿ, ತಂದೆತಾಯಿಗಳಲ್ಲಿ ಕೇಳಿಕೊಳ್ಳುವುದು ಇಷ್ಟೇ: ಮುಂದಿನ ಸಲ ಆ ಪಾಠ ಬಂದಾಗ ಒಂದು ಹಿಡಿ ರಾಗಿಯನ್ನು ಮಕ್ಕಳ ಅಂಗೈಗೆ ಹಾಕಿ, ಅದು ಬಂದ ದಾರಿಯನ್ನು ಭೂಪಟದಲ್ಲಿ ಅವರಿಂದಲೇ ಹುಡುಕಿಸಿ. ಗೌರವ ಅಲ್ಲಿಂದ ಶುರುವಾಗಲಿ.