ಕೆರೆಯ ಕೋಡಿಯೂ ಸೌಧದ ಮೆಟ್ಟಿಲೂ

ಭೀಮಸಮುದ್ರದ ಸದ್ಭಕ್ತರಿಗೆ ಕೆರೆಯ ಧರ್ಮವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಊರಿನ ಹೆಸರಿನಲ್ಲಿಯೇ ಕೆರೆಯಿರುವುದು. ಕೆರೆಗೆ ಏರಿಯು ಎಷ್ಟು ಮುಖ್ಯವೋ ಕೋಡಿಯೂ ಅಷ್ಟೇ ಮುಖ್ಯ. ವರ್ಷದ ಬಹುಭಾಗ ಕೋಡಿಯು ಬರಿದಾಗಿ ಬಿದ್ದಿರುವುದು. ನೋಡುವವರಿಗೆ ಅದು ವ್ಯರ್ಥವಾದ ಜಾಗವೆಂದು ತೋರುವುದು. ಆದರೆ ಆಸೆಗೊಳಗಾಗಿ ಅದನ್ನು ಮುಚ್ಚಿದರೆ, ಮಹಾಮಳೆ ಬಂದ ದಿನ ನೀರು ಏರಿಯ ಮೇಲೆ ಹರಿದು ಏರಿಯನ್ನೇ ಕೊಚ್ಚಿಕೊಂಡು ಹೋಗುವುದು.

ನಗರದ ಗಗನಚುಂಬಿ ಸೌಧಕ್ಕೂ ಇದೇ ಧರ್ಮವು ಸಲ್ಲುವುದು. ವ್ಯಾಪಾರಕ್ಕಾಗಿಯೋ ಮಕ್ಕಳ ಉದ್ಯೋಗದ ನಿಮಿತ್ತವೋ ಬೆಂಗಳೂರಿಗೆ ಹೋಗಿಬರುವವರು ಮಹಾತ್ಮ ಗಾಂಧಿ ರಸ್ತೆಯ ಪೇಟೆಯ ನಡುವೆ ನಿಂತಿರುವ ಯುಟಿಲಿಟಿ ಬಿಲ್ಡಿಂಗನ್ನು ಕಂಡಿರಬಹುದು. 1970ರ ದಶಕದಲ್ಲಿ ಎದ್ದುನಿಂತ ಅದಕ್ಕೆ 25 ಅಂತಸ್ತುಗಳು. ಕೆಳಗೆ ಅಂಗಡಿಗಳು, ಮೇಲೆ ಕಚೇರಿಗಳು. ಒಂದು ಕಾಲಕ್ಕೆ ಅದೇ ನಗರದ ಅತ್ಯಂತ ಎತ್ತರದ ಕಟ್ಟಡವಾಗಿದ್ದಿತು. ಈಗ ಅದನ್ನು ಮೀರಿದವು ಅನೇಕ. ಎತ್ತರದ ಹೆಮ್ಮೆಯು ನಿಲ್ಲುವುದು ಹೀಗೆ ಅಲ್ಪಕಾಲ. ಸ್ಥಾವರಕ್ಕಿಂತ ಜಂಗಮವೇ ಮಿಗಿಲೆಂಬುದು ಬಸವಣ್ಣನವರ ಉಪದೇಶ. ಆದುದರಿಂದ ಸೌಧದ ಹಿರಿಮೆಯನ್ನು ಅಳೆಯಬೇಕಾದುದು ಅಂತಸ್ತುಗಳ ಎಣಿಕೆಯಿಂದಲ್ಲ, ಅದರೊಳಗೆ ಓಡಾಡುವ ಜೀವಿಗಳ ಕ್ಷೇಮದಿಂದ.

ಆ ಕ್ಷೇಮವು ಅಡಗಿರುವುದು ಯಾರೂ ಗಮನಿಸದ ಮೆಟ್ಟಿಲಿನಲ್ಲಿ. ದಿನವೂ ಎಲ್ಲರೂ ಹತ್ತುವುದು ಲಿಫ್ಟನ್ನು. ಆದರೆ ಬೆಂಕಿ ಬಿದ್ದಾಗ ಲಿಫ್ಟನ್ನು ನಂಬಲಾಗದು. ವಿದ್ಯುತ್ತು ನಿಂತರೆ ಅದು ನಡುದಾರಿಯಲ್ಲಿಯೇ ನಿಲ್ಲುವುದು. ಆಗ ಉಳಿಯುವ ದಾರಿ ಮೆಟ್ಟಿಲೊಂದೇ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಬಹುಮಹಡಿ ಕಟ್ಟಡವೊಂದರಲ್ಲಿ ಬೆಂಕಿಯೆದ್ದು 9 ಜನರು ಪ್ರಾಣ ಕಳೆದುಕೊಂಡರು. ಹೊಗೆಯು ಉರಿಗಿಂತ ಮೊದಲೇ ಮೇಲೇರುವುದು. ಆದುದರಿಂದ ಮೆಟ್ಟಿಲಿನ ಬಾಗಿಲು ಹೊಗೆ ನುಗ್ಗದಂತೆ ಮುಚ್ಚಿರಬೇಕು, ಆದರೆ ಬೀಗ ಬಿದ್ದಿರಬಾರದು.

ಅಂಗಡಿಯವನಿಗೆ ಮಾತ್ರ ಆ ಬರಿದಾದ ಮೆಟ್ಟಿಲು ಬಾಡಿಗೆಯಿಲ್ಲದ ಉಗ್ರಾಣವಾಗಿ ತೋರುವುದು. ಇಂದು ಒಂದು ಪೆಟ್ಟಿಗೆ, ನಾಳೆ ನಾಲ್ಕು. ಕಳ್ಳರ ಭಯಕ್ಕೆ ಬಾಗಿಲಿಗೊಂದು ಬೀಗ. ಅವನು ಸುಳ್ಳಾಡಲಿಲ್ಲ, ತೂಕದಲ್ಲಿ ಮೋಸ ಮಾಡಲಿಲ್ಲ, ನಿತ್ಯವೂ ಲಿಂಗಪೂಜೆಯನ್ನು ತಪ್ಪಿಸಲಿಲ್ಲ. ಆದರೂ ಮೇಲಂತಸ್ತಿನಲ್ಲಿ ದುಡಿಯುವ ಅಪರಿಚಿತನ ಪ್ರಾಣದ ದಾರಿಯನ್ನು ತನ್ನದಾಗಿಸಿಕೊಂಡನು. ಇಂತಹ ಗಳಿಕೆಯು ಸತ್ಯಶುದ್ಧ ಕಾಯಕವೆನಿಸುವುದು ಹೇಗೆ?

ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದರು. ಅದು ಕಳವಿನ ಅಕ್ಕಿಯಲ್ಲ, ನೆಲಕ್ಕೆ ಬಿದ್ದುದು. ಆದರೂ ಲಕ್ಕಮ್ಮನವರು ಒಪ್ಪದೆ, ಹೆಚ್ಚಿನ ಅಕ್ಕಿಯನ್ನು ಇದ್ದಲ್ಲಿಯೇ ಸುರಿದು ಬರುವಂತೆ ಪತಿಗೆ ಹೇಳಿದರು. ಆ ಹಿಡಿ ಅಕ್ಕಿಯೇ ಇಂದು ಮೆಟ್ಟಿಲ ಮೇಲಿನ ಪೆಟ್ಟಿಗೆಯ ರೂಪದಲ್ಲಿರುವುದು. ಅದನ್ನು ಎತ್ತಿಸುವ ಲಕ್ಕಮ್ಮನವರು ಮನೆಮನೆಯಲ್ಲಿಯೂ ಇರಬೇಕು.

2010ರಲ್ಲಿಯೇ ದುಬೈಯಲ್ಲಿ ತೆರೆದ ಬುರ್ಜ್ ಖಲೀಫಾ ಸೌಧದ ಎತ್ತರ 828 ಮೀಟರು. ವಾಸದ ಮನೆಗಳು, ಹೋಟೆಲು, ಕಚೇರಿಗಳು ಅದರಲ್ಲಿರುವುವು. ಅಷ್ಟು ಬೆಲೆಬಾಳುವ ಕಟ್ಟಡದಲ್ಲಿಯೂ, ಆಪತ್ತಿನಲ್ಲಿ ಜನರು ತಂಗಲೆಂದು ನಡುನಡುವೆ ಆಶ್ರಯದ ಕೊಠಡಿಗಳನ್ನು ಮೀಸಲಿಟ್ಟಿರುವರು. ಪರರಿಗಾಗಿ ಬರಿದಾಗಿ ಬಿಟ್ಟ ಜಾಗವು ನಷ್ಟವಲ್ಲ. ಅದೂ ಒಂದು ದಾಸೋಹ.

ನಗರದಲ್ಲಿ ಮಳಿಗೆ ಹಿಡಿದಿರುವ ಭಕ್ತರೂ, ಊರಿನಲ್ಲಿ ಅಡಿಕೆ ಮಂಡಿ ನಡೆಸುವವರೂ ನಾಳೆ ಬೆಳಗ್ಗೆ ಪೂಜೆ ಮುಗಿಸಿ ಕಾಯಕಕ್ಕೆ ಹೋದಾಗ ಮೊದಲು ಮೆಟ್ಟಿಲನ್ನೂ ಹಿಂಬಾಗಿಲನ್ನೂ ನೋಡಲಿ. ಅಲ್ಲಿ ಚೀಲವಿದ್ದರೆ ಸರಿಸಲಿ, ಬೀಗವಿದ್ದರೆ ತೆಗೆಯಲಿ. ಕೋಡಿಯನ್ನು ತೆರೆದಿಟ್ಟ ಕೆರೆ ಉಳಿಯುವುದು. ಪರರ ದಾರಿಯನ್ನು ತೆರೆದಿಟ್ಟ ಗೃಹಸ್ಥನ ಕಾಯಕವು ಲಿಂಗಾರ್ಪಿತವಾಗುವುದು.