ಗಿಡಕ್ಕೂ ಒಂದು ರಾತ್ರಿ

ಜರ್ಮನಿಯಲ್ಲಿ 2024ರ ಏಪ್ರಿಲ್‌ನಿಂದ ವಯಸ್ಕರು ಮನೆಯಲ್ಲಿ ಮೂರು ಗಾಂಜಾ ಗಿಡ ಬೆಳೆಸಬಹುದು. ಕೋಣೆಯೊಳಗೆ ಬೆಳೆಸುವವರ ಮೊದಲ ಚಿಂತೆ ದೀಪದ್ದು. 200 ವ್ಯಾಟಿನ ಎಲ್‌ಇಡಿ ದಿನಕ್ಕೆ 18 ಗಂಟೆ ಉರಿದರೆ 3.6 ಯೂನಿಟ್ ಕರೆಂಟು. ಗಿಡವೇನೋ ಸೊಂಪಾಗಿ ಬೆಳೆಯುತ್ತದೆ. ಆದರೆ ಬಹುತೇಕ ತಳಿಗಳು ಹೂ ಬಿಡಲು ದಿನಕ್ಕೆ ಸುಮಾರು 12 ಗಂಟೆ ಎಡೆಬಿಡದ ಕತ್ತಲೆ ಬೇಕು. ನಮ್ಮ ಸೇವಂತಿಗೆಯ ಸ್ವಭಾವವೂ ಇದೇ. ಹೂ ತಡವಾಗಲೆಂದು ರೈತರು ರಾತ್ರಿ ಹೊತ್ತು ಹೊಲದಲ್ಲಿ ಬಲ್ಬು ಉರಿಸುತ್ತಾರೆ.

ಬೆಳಕು ಕೊಡುವುದೇ ಪೋಷಣೆ ಎಂದು ನಂಬಿದವರು ನಾವು. ಗಿಡದ ಹಗಲು, ರಾತ್ರಿ ಎರಡೂ ಒಂದು ಟೈಮರಿಗೆ ಒಳಪಟ್ಟಾಗ ಆ ನಂಬಿಕೆ ಅಲುಗಾಡುತ್ತದೆ. ಬೆಳಕು ಕೊಟ್ಟದ್ದು ಎಲೆಗಾಗಿ, ಕತ್ತಲೆ ಕೊಟ್ಟದ್ದು ಹೂವಿಗಾಗಿ. ಎರಡೂ ನಮ್ಮ ಕೊಯ್ಲಿಗಾಗಿ. ಇದನ್ನು ಆರೈಕೆ ಎನ್ನೋಣವೇ, ದುಡಿಸಿಕೊಳ್ಳುವುದು ಎನ್ನೋಣವೇ? ಎರಡೂ ಹೌದು ಎನಿಸುತ್ತದೆ. ಸ್ವಿಚ್ಚು ಒತ್ತುವ ಕೈಗೆ ಅಷ್ಟಾದರೂ ಗೊತ್ತಿರಬೇಕು.